ಹಳದಿ ನೀರು

ಆ ಬೆಳಿಗ್ಗೆ ಮರಳುಗಾಡಿನ ದೂಳುಗಾಳಿ ಅಕ್ರಾ ನಗರದ ಗುಜರಿ ಬಯಲನ್ನೆಲ್ಲ ಮುಸುಕಿತ್ತು. ಸೂರ್ಯ ಹುಟ್ಟಿದ್ದನೋ ಇಲ್ಲವೋ, ದೇವರೇ ಬಲ್ಲ. ತುಟಿಯೊಡೆದು ಉರಿಯುತ್ತಿದ್ದರೂ ನಪಾರಿಯ ಮನಸ್ಸು ಹಗುರವಾಗಿತ್ತು. ಹಳೇ ಕಂಪ್ಯೂಟರ್ ಬೋರ್ಡುಗಳಿಂದ ಕೆರೆದ ಚೂರುಗಳು ಆಸಿಡ್ಡಿನಲ್ಲಿ ಕರಗಿ, ಬಕೆಟ್ಟಿನ ನೀರು ಜೇನಿನ ಹಳದಿಗೆ ತಿರುಗಿತ್ತು. ಚಿನ್ನವೆಲ್ಲ ಆ ನೀರಿನಲ್ಲೇ ಇತ್ತು. ಪುಡಿ ಹಾಕಿ ತಳಕ್ಕಿಳಿಸುವುದಷ್ಟೇ ಬಾಕಿ.

"ಈ ಬಕೆಟ್ಟಿನ ಚಿನ್ನ ನನ್ನ ಕೈಗೆ ಬರ್ಲಿ, ನಿನ್ನ ಇಕ್ಕಳ ತಗೊಂಡು ಊರಿಗೆ ಹೋಗು" ಎಂದಿದ್ದ ಯಜಮಾನ ಅಲ್ಹಾಜಿ ಸುಮಾನಿ.

ಅದು ನಪಾರಿಯ ಅಜ್ಜ ಮುತ್ತಜ್ಜಂದಿರು ಕಾದ ಕಬ್ಬಿಣ ಹಿಡಿದ ಇಕ್ಕಳ. ಗುರುತು ಹೇಳುವವರಿಲ್ಲದೆ ಉತ್ತರದಿಂದ ಬಂದವನನ್ನು ಕೆಲಸಕ್ಕಿಟ್ಟುಕೊಂಡ ದಿನವೇ ಅಲ್ಹಾಜಿ ಅದನ್ನು ಒತ್ತೆಯಿರಿಸಿಕೊಂಡಿದ್ದ. ಈಗ ಊರಲ್ಲಿ ದೊಡ್ಡಪ್ಪ ತೀರಿಕೊಂಡು ಕುಲುಮೆ ತಣ್ಣಗಾಗಿದೆ. ಅದರ ಮುಂದೆ ಕೂರಬೇಕಾದವನು ನಪಾರಿ. ಆ ಇಕ್ಕಳವಿಲ್ಲದೆ ಬರಿಗೈಯಲ್ಲಿ ಹೋದರೆ ಹೊಸ್ತಿಲು ದಾಟಗೊಡುವವರಿಲ್ಲ. ಗುಜರಿಯ ಗೇಟು ಹಗಲೆಲ್ಲ ತೆರೆದೇ ಇರುತ್ತಿತ್ತು. ಅವನ ಕಾಲು ಮಾತ್ರ ಅತ್ತ ಏಳುತ್ತಿರಲಿಲ್ಲ.

ಪುಡಿ ತರಲು ಹೋದವನು ಮರಳುವಷ್ಟರಲ್ಲಿ ಬಕೆಟ್ಟಿನಲ್ಲಿ ನೀರಿರಲಿಲ್ಲ.

"ಆ ನಾರೋ ನೀರು ಚರಂಡಿಗೆ ಚೆಲ್ದೆ ಕಣೋ. ತಳದ ಗಷ್ಟು ಜೋಪಾನವಾಗಿದೆ. ನಿನ್ನ ಅರ್ಧ ಕೆಲ್ಸ ನಾನೇ ಮಾಡಿದೀನಿ!" ಅಲ್ಹಾಜಿ ಹಿಗ್ಗಿದ.

ನಪಾರಿ ಬಕೆಟ್ಟಿನೊಳಗೆ ಬಗ್ಗಿ ನೋಡಿದ. "ಅಲ್ಹಾಜಿ... ಚಿನ್ನ ಇದ್ದದ್ದು ಆ ನೀರಲ್ಲಿ."

"ನೀರಲ್ಲಿ ಮೀನಿರುತ್ತೆ ಕಣೋ ಕಮ್ಮಾರ! ಯಾರ ಕಿವಿಗೆ ಹೂ ಇಡ್ತೀಯ?"

ಗಷ್ಟು ಕಾಸಿದ್ದಾಯಿತು. ಉಳಿದದ್ದು ಬೂದಿ. ಅಲ್ಹಾಜಿಯ ಮುಖ ಗಂಟಿಕ್ಕಿತು.

"ಕದ್ದು ಎಲ್ಲಿಟ್ಟೆ? ಹೇಳೋವರೆಗೂ ಇಲ್ಲೇ ಬಿದ್ದಿರು. ನಿನ್ನ ಕುಲುಮೇಲಿ ಕೋಳಿ ಮೊಟ್ಟೆ ಇಡ್ಲಿ."

ನಪಾರಿ ಖಾಲಿ ಬಕೆಟ್ಟನ್ನು ಬೋರಲು ಹಾಕಿದ. ಸಾಕ್ಷಿಗೆ ಯಾರನ್ನು ಕರೆಯುವುದು? ಕಂಡವನು ದೇವರೊಬ್ಬನೇ.

ಸಂಜೆಯ ನಮಾಜಿಗೆ ಮುನ್ನ ಅಲ್ಹಾಜಿ ಕೈ ತೊಳೆಯಲು ಕೂತ. ನಪಾರಿ ಎಂದಿನಂತೆ ಕೆಟಲಿನಿಂದ ನೀರು ಹುಯ್ದ. ಯಜಮಾನನ ಬೆರಳುಗಳ ಮೇಲೆ ನೇರಳೆ ಕಲೆಗಳೆದ್ದಿದ್ದವು. ಅಲ್ಹಾಜಿ ಉಜ್ಜಿದ, ಸೋಪು ಹಚ್ಚಿ ಮತ್ತೆ ಉಜ್ಜಿದ.

"ಏನೋ ಇದು ಹಾಳು ಬಣ್ಣ?"

ನಪಾರಿ ತನ್ನ ಬೆರಳುಗಳನ್ನು ಪಕ್ಕಕ್ಕೆ ಚಾಚಿದ. ಅಲ್ಲೂ ಅದೇ ನೇರಳೆ, ಹಳೆಯದು.

"ಚಿನ್ನದ ನೀರು ಕೈಗೆ ಸಿಡಿದ್ರೆ ಹೀಗಾಗುತ್ತೆ ಅಲ್ಹಾಜಿ. ಬೆಳಕಿಗೆ ಮೆಲ್ಲಗೆ ಕಾಣಿಸ್ಕೊಳ್ಳುತ್ತೆ. ಚರ್ಮದ ಜೊತೇನೇ ಹೋಗ್ಬೇಕು."

ಅಲ್ಹಾಜಿ ತನ್ನ ಕೈಗಳನ್ನೇ ಬಹಳ ಹೊತ್ತು ನೋಡಿದ. ಅದೇ ಕೈಗಳನ್ನೂರಿ ನಮಾಜು ಮಾಡಿದ. ನೆಲಕ್ಕಿಟ್ಟ ಹಣೆ ಎಂದಿಗಿಂತ ತಡವಾಗಿ ಮೇಲೆದ್ದಿತು. ಆಮೇಲೆ ಶೆಡ್ಡಿನೊಳಗೆ ಹೋಗಿ, ಬಟ್ಟೆ ಸುತ್ತಿದ ಇಕ್ಕಳವನ್ನು ತಂದು ನಪಾರಿಯ ಎರಡೂ ಕೈಗಳಲ್ಲಿಟ್ಟ.