ನಮ್ಮ ಮನೆ ಗಂಡಸರ ಉಷ್ಣ

ನಮ್ಮ ಮನೆಯ ಗಂಡಸರಿಗೆ ಬರುವುದು ಒಂದೇ ಕಾಯಿಲೆ. ಅದರ ಹೆಸರು ಉಷ್ಣ. ತಲೆ ನೋವಾದರೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ, ಹೆಂಡತಿಯ ಮೇಲೆ ರೇಗಿದರೂ ಉಷ್ಣ. ಸೊಂಟದಿಂದ ಕೆಳಗೆ ಏನೇ ಆದರೂ ಅದಂತೂ ಉಷ್ಣವೇ. ಬೇರೆ ಹೆಸರಿಟ್ಟರೆ ಮರ್ಯಾದೆ ಹೋಗುತ್ತದೆ.

ನನ್ನ ಗಂಡ ಚನ್ನೇಶ್ ಶಿರಾ ಗೇಟಿನಲ್ಲಿ ಅಂಗಡಿ ಇಟ್ಟು ಪಂಪುಸೆಟ್ಟು ಮಾರುತ್ತಾರೆ. ಯಾವ ತೋಟದ ಮೋಟಾರು ಯಾಕೆ ನೀರೆತ್ತುತ್ತಿಲ್ಲ ಎಂದು ಫೋನಿನಲ್ಲೇ ಕೇಳಿ ಹೇಳಬಲ್ಲವರು. ಇಂಥವರು ಯುಗಾದಿ ಕಳೆದ ಮೇಲೆ ಬಚ್ಚಲಿಗೆ ಹೋದರೆ ಈಚೆಗೆ ಬರುವುದೇ ಇಲ್ಲ. ಬಂದರೆ ಕಾಫಿ ಆರುವುದರೊಳಗೆ ಮತ್ತೆ ಎದ್ದು ಹೋಗುವುದು. ಕೂತರೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂರುವುದು. ಏನಾಯ್ತು ಎಂದು ಕೇಳಿದೆ. "ಉರಿ ಕಣೇ, ಉಷ್ಣ" ಎಂದರು. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಬನಿಯನ್ನೆಲ್ಲ ಜಿಡ್ಡು ಮಾಡಿಕೊಂಡು ಅಂಗಡಿಗೆ ಹೊರಟರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗಂಡಸರ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇದೆ, ಅದಕ್ಕೆ ಸೋಂಕಾದರೂ ಹೀಗೇ ಆಗುತ್ತದೆ, ಡಾಕ್ಟರಿಗೆ ತೋರಿಸಿ ಎಂದೆ. ದೇವರ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ನಿಂತವಳನ್ನು ನೋಡಿದ ಹಾಗೆ ನನ್ನನ್ನು ನೋಡಿದರು.

"ದೀಪಿಕಾ ಮನೇಲವ್ಳೆ. ಮೆತ್ತಗೆ ಮಾತಾಡು."

ಮಗಳು ದೀಪಿಕಾ ನರ್ಸಿಂಗ್ ಓದುತ್ತಿದ್ದಾಳೆ. ಅವಳು ಪುಸ್ತಕದಲ್ಲಿ ಓದದೇ ಇರುವ ಅಂಗ ಅವರಪ್ಪನ ಹತ್ತಿರ ಏನಿದೆಯೋ ನಾನು ಕಾಣೆ.

ನನ್ನ ಮಾತು ಬಿಟ್ಟು ಗುಬ್ಬಿಗೆ ಹೋದರು, ಅವರ ಚಿಕ್ಕಪ್ಪ ಚನ್ನವೀರಯ್ಯನವರ ಹತ್ತಿರ. ಮಠದ ಪೂಜೆಯಿಂದ ಹಿಡಿದು ತೆಂಗಿನ ಗೊಬ್ಬರದವರೆಗೆ ನಮ್ಮ ಮನೆತನಕ್ಕೆಲ್ಲ ಅವರು ಹೇಳಿದ್ದೇ ಕೊನೆ ಮಾತು. ಅವರು ಪರೀಕ್ಷೆ ಮಾಡಿದ್ದು ಇಷ್ಟೇ: ಅಣ್ಣನ ಮಗನ ಮುಖ ನೋಡಿದರು. "ಉಷ್ಣ ಕಣ್ಲಾ. ನಂಗೂ ಆಗ್ತಿರ್ತದೆ. ಎಳನೀರು ಕುಡಿ, ಹೋಯ್ತದೆ ಬುಡು" ಎಂದು ಎಳನೀರಿನ ಗೊನೆ ಕಾರಿಗೆ ಹಾಕಿಸಿದರು. ಕುಣಿಗಲ್ ಕಡೆ ಹುತ್ರಿದುರ್ಗದ ಹತ್ತಿರ ದಾಸಯ್ಯ ಅಂತ ಒಬ್ಬರು ಬೇರಿನ ಔಷಧಿ ಕೊಡುತ್ತಾರೆ, ಅದನ್ನೂ ತಗೋ ಎಂದರು. ಇವರು ಅಲ್ಲಿಗೂ ಹೋಗಿ ಒಂದು ಬಾಟಲಿ ಹಸಿರು ನೀರು ತಂದರು.

ಅದನ್ನು ಕುಡಿದ ಮಾರನೆಯ ದಿನ ಮಧ್ಯಾಹ್ನ ಚಳಿ ಹತ್ತಿತು. ಮರಳೂರಿನ ನಮ್ಮ ಮನೆಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಎನ್ನಿಸುತ್ತ ಈ ಮನುಷ್ಯ ನಕ್ಕರು. "ನೋಡ್ದಾ? ಉಷ್ಣ ಇಳೀತಾ ಐತೆ" ಎಂದರು. ಮೈ ಮುಟ್ಟಿದರೆ ಕಾದ ಹೆಂಚು. ಸಂಜೆಗೆ ಮೂತ್ರವೇ ಕಟ್ಟಿಹೋಯಿತು. ಆಗ ನಗಲಿಲ್ಲ, ನನ್ನ ಕೈ ಹಿಡಿದುಕೊಂಡರು. ಇಪ್ಪತ್ತೈದು ವರ್ಷ ಬೈದುಕೊಂಡು ಸಾಕಿದ ಗಂಡ ಉಷ್ಣ ಉಷ್ಣ ಎನ್ನುತ್ತಲೇ ಹೋಗಿಬಿಡುತ್ತಾರೇನೋ ಎಂದು ಹೆದರಿದೆ.

ಆಸ್ಪತ್ರೆಯಲ್ಲಿ ಸಿಕ್ಕಿದ ಮೂತ್ರರೋಗದ ಡಾಕ್ಟರು ತೇಜಸ್ವಿನಿ ಅಂತ. "ಗಂಡಸ್ ಡಾಕ್ಟ್ರು ಇಲ್ವಾ?" ಎಂದು ಇವರು ನರಳುತ್ತಲೇ ಕೇಳಿದರು. "ಇದ್ದಾರೆ, ನಾಳಿದ್ದು ಬರ್ತಾರೆ. ಅಲ್ಲೀತನಕ ತಡ್ಕೋತೀರಾ?" ಎಂದರು ಆಕೆ. ಇವರು ತಡೆದುಕೊಳ್ಳಲಿಲ್ಲ. ನಳಿಕೆ ಹಾಕಿ ಮೂತ್ರ ತೆಗೆದರು, ಪರೀಕ್ಷೆಗೆ ಕಳಿಸಿದರು, ಡ್ರಿಪ್ಪಿನಲ್ಲಿ ಔಷಧಿ ಹತ್ತಿಸಿದರು. ಪ್ರಾಸ್ಟೇಟಿಗೆ ಜೋರಾಗಿ ಸೋಂಕಾಗಿದೆ, ಇನ್ನೂ ತಡ ಮಾಡಿದ್ದರೆ ರಕ್ತಕ್ಕೆ ಏರುತ್ತಿತ್ತು ಎಂದರು. "ಮನೆಗೆ ಹೋದ್ಮೇಲೂ ವಾರಗಟ್ಟಲೆ ಮಾತ್ರೆ ಇರತ್ತೆ. ಜ್ವರ ಬಿಡ್ತು ಅಂತ ನಿಲ್ಲಿಸ್ಬಿಟ್ರೆ ಮತ್ತೆ ಇಲ್ಲಿಗೇ ಬರ್ತೀರ."

ಜ್ವರ ಇಳಿದ ಕೂಡಲೇ ನನ್ನ ಗಂಡ ಮಾಡಿದ ಮೊದಲ ಕೆಲಸವೆಂದರೆ ನೆಂಟರಿಗೆಲ್ಲ ಫೋನು ಮಾಡಿದ್ದು. ಡೆಂಗ್ಯೂ ಅಂತೆ. ಡೆಂಗ್ಯೂಗೆ ನಮ್ಮ ಕಡೆ ಒಳ್ಳೆಯ ಮರ್ಯಾದೆ ಇದೆ, ಸೊಳ್ಳೆ ಎಲ್ಲಿ ಕಚ್ಚಿತು ಎಂದು ಯಾರೂ ಕೇಳುವುದಿಲ್ಲ. ಆದರೆ ಡೆಂಗ್ಯೂ ಎಂದರೆ ಪರಂಗಿ ಎಲೆಯ ರಸ. ಬಂದವರೆಲ್ಲ ಒಂದೊಂದು ಬಾಟಲಿ ತಂದರು. ಪ್ಲೇಟ್‌ಲೆಟ್ ಎಷ್ಟಿದೆ ಎಂದು ಕೇಳಿದರು. ಇವರು ಬಾಯಿಗೆ ಬಂದ ಲೆಕ್ಕ ಹೇಳಿದರು. ಹೇಳಿದ ತಪ್ಪಿಗೆ ಆ ಕಹಿಯನ್ನು ಎಲ್ಲರ ಮುಂದೆ ಗುಟುಕು ಗುಟುಕಾಗಿ ಕುಡಿದರು.

ಮೂರನೆಯ ದಿನ ಗುಬ್ಬಿಯಿಂದ ಚಿಕ್ಕಮಾವ ಚನ್ನವೀರಯ್ಯನವರೂ ಅವರ ಹೆಂಡತಿ, ಅತ್ತೆ ಸಿದ್ದಗಂಗಮ್ಮನವರೂ ಬಂದರು, ಅವರದೂ ಒಂದು ಬಾಟಲಿ. ಅತ್ತೆ ಲೋಟ ತೊಳೆಯಲು ಹೊರಗೆ ಹೋದರು. ಮಾವ ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ವಾಲಿಕೊಂಡು ಕೂತರು. ಕೂತವರು ಎದ್ದು ಬಚ್ಚಲಿಗೆ ಹೋದರು. ಬಂದರು, ಮತ್ತೆ ಹೋದರು. ಮುಖ ಬತ್ತಿಹೋಗಿತ್ತು. ನಾನು ಗಂಡನ ಕಡೆ ನೋಡಿದೆ. ಅವರಿಗೂ ಅರ್ಥವಾಗಿತ್ತು, ಕಣ್ಣು ತಪ್ಪಿಸಿದರು.

"ನಿಜ ಹೇಳ್ರೀ ಅವ್ರಿಗೆ" ಎಂದೆ ಮೆಲ್ಲಗೆ. ದಿಂಬು ಸರಿ ಮಾಡಿಕೊಂಡರು. ಕಿಟಕಿಯ ಮೇಲಿದ್ದ ಇನ್ನೊಂದು ಲೋಟಕ್ಕೆ ರಸ ಸುರಿದು ಕೈಗೆ ಕೊಟ್ಟೆ. "ಹಂಗಾದ್ರೆ ಕುಡೀರಿ. ಡೆಂಗ್ಯೂ ಅಲ್ವಾ?" ಕುಡಿದರು. ಮತ್ತೆ ಸುರಿದೆ. ಅದನ್ನೂ ಅರ್ಧ ಕುಡಿದು, ಸಾಕು ಎಂದು ಲೋಟ ಕೆಳಗಿಟ್ಟರು.

ಮಾವ ಬಚ್ಚಲಿಂದ ಬಂದು ಕೂತರು. ನನ್ನ ಗಂಡ ಗೋಡೆ ನೋಡುತ್ತ ಹೇಳಿದರು. "ಚಿಕ್ಕಪ್ಪ, ನಂಗೆ ಡೆಂಗ್ಯೂ ಅಲ್ಲ. ಕೆಳಗಡೆ ಪ್ರಾಸ್ಟೇಟು ಅಂತ ಇರ್ತದಂತೆ. ಅದುಕ್ಕೆ ಇನ್ಫೆಕ್ಷನ್ ಆಗಿತ್ತು. ಉಷ್ಣ ಅಂತ ಕೂತಿದ್ರೆ ಸತ್ತೋಗ್ತಿದ್ದೆ."

ಮಾವ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಅದು ಕ್ಯಾನ್ಸರ್ರಲ್ವೇನ್ಲಾ?"

"ನಂದು ಅಲ್ವಂತೆ. ನಿಮ್ದು ಏನು ಅಂತ ಟೆಸ್ಟ್ ಮಾಡುದ್ರೆ ಗೊತ್ತಾಯ್ತದೆ."

"ನಾನು ಅದೇ ಅಂದ್ಕಂಡು ತೋಟ ಭಾಗ ಮಾಡಾಕೆ ವಕೀಲರತ್ರ ಹೋಗ್ಬಂದೆ ಕಣ್ಲಾ" ಎಂದರು ಮಾವ. ಸಾಯುವುದಕ್ಕೆ ತಯಾರಾದ ಮನುಷ್ಯ, ಡಾಕ್ಟರ ಮುಂದೆ ಬಾಯಿ ಬಿಡುವುದಕ್ಕೆ ತಯಾರಾಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಅಳುವೂ ಬಂತು.

ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ತೋರಿಸ್ಕತೀನಿ ಕಣವ್ವ. ಆದ್ರೆ ನಿಮ್ಮತ್ತೆಗೆ ಗೊತ್ತಾಗ್ಬಾರ್ದು. ಪಾಪ, ಅವಳಿಗೇನೂ ತಿಳೀದು."

ಅತ್ತೆ ತೊಳೆದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹೋದ ವರ್ಷದಿಂದ ನಿಮ್ ಪಂಚೆ ಮೇಲಿನ ಕಲೆ ಒಗೀತಿರೋಳು ನಾನು" ಎಂದರು. "ಏಳಿ. ಡಾಕ್ಟ್ರಮ್ಮ ಕೆಳಗವ್ರೆ, ನಿಮ್ಮೆಸ್ರು ಬರ್ಸಿ ಬಂದಿದೀನಿ."