ಎಡ ಭುಜದ ಕೆಸರು

ನನ್ನ ಗಂಡ ನೆವಿಲ್, ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎನ್ನುವ ಜಾತಿಯವನು. ಭಾನುವಾರ ರಗ್ಬಿ ಆಟ ನೋಡಿಕೊಂಡು ಮನೆಗೆ ಬಂದು, ಶೂ ಬಿಚ್ಚಿ, ಚಹಾದ ಮುಂದೆ ಕೂತನೆಂದರೆ ನಾನು ಏನು ಕೇಳಿದರೂ ಒಂದೇ ಉತ್ತರ: "ಹ್ಞೂಂ." ಗೆದ್ದರೂ ಹ್ಞೂಂ, ಸೋತರೂ ಹ್ಞೂಂ. ರೇಡಿಯೊ ಹಾಕಿಕೊಂಡು ಇಸ್ತ್ರಿ ಮಾಡುತ್ತ ಆಟ ಕೇಳಿರುತ್ತಿದ್ದ ನಾನೇ, ಮೈದಾನಕ್ಕೆ ಹೋಗಿ ಬಂದ ಅವನಿಗೆ ಆಟದ ಕಥೆ ಹೇಳುತ್ತಿದ್ದೆ. ಯಾರು ಸುಸ್ತಾಗಿದ್ದರು, ಯಾರಿಗೆ ಚೆಂಡು ಕೊಡಬಾರದಿತ್ತು, ಎಲ್ಲಾ. ಗೋಡೆಯ ಜೊತೆ ಮಾತಾಡಿದ ಹಾಗೆ. ನಲವತ್ತನಾಲ್ಕು ವರ್ಷ ಹಾಗೇ ಕಳೆಯಿತು.

ಜನವರಿಯಲ್ಲಿ ಅವನು ಹೋದ. ಮನೆ ಹೆಚ್ಚು ಮೌನವಾಯಿತು ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಮೊದಲಿದ್ದಷ್ಟೇ ಮೌನ. ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಶವಸಂಸ್ಕಾರಕ್ಕೆ ಏಳು ಜನ ಬಂದಿದ್ದರು, ಅದರಲ್ಲಿ ಇಬ್ಬರು ಅಕ್ಕಪಕ್ಕದ ಮನೆಯವರು. ಅವನ ಗೆಳೆಯರನ್ನು ಕರೆಯೋಣವೆಂದರೆ ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

ಮಾರ್ಚ್‌ನಲ್ಲಿ ಹ್ಯಾಗ್‌ಥಾರ್ಪ್ ರಗ್ಬಿ ಕ್ಲಬ್ಬಿನಿಂದ ಟಿಕೆಟ್ ಇರುವವರಿಗೆಲ್ಲ ಕಳಿಸುವ ಪತ್ರ ಅವನ ಹೆಸರಿಗೂ ಬಂತು. ನಮ್ಮ ಹಳೆಯ ಕೋಚ್ ಗಾರ್ಡನ್ ಅಂಪಲ್ಬಿ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಪ್ರೇಕ್ಷಕರು ನಿಲ್ಲುವ ಪೂರ್ವದ ಮೆಟ್ಟಿಲುಗಳಿಗೆ ಅವರ ಹೆಸರಿಡಬೇಕೇ ಬೇಡವೇ, ಸೀಸನ್ ಟಿಕೆಟ್ ಇರುವವರು ಚೀಟಿಯಲ್ಲಿ ಬರೆದು ಮುಂದಿನ ಭಾನುವಾರ ಡಬ್ಬಕ್ಕೆ ಹಾಕಬೇಕು. ಟಿಕೆಟ್ ಒಂದಕ್ಕೆ ಒಂದು ಮತ. ನೆವಿಲ್ ಈ ವರ್ಷದ ಟಿಕೆಟ್ಟನ್ನು ಡಿಸೆಂಬರಿನಲ್ಲೇ ತೆಗೆದಿಟ್ಟಿದ್ದ, ಅವನ ಕೋಟಿನ ಜೇಬಿನಲ್ಲಿತ್ತು.

ಚೀಟಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತೆ. ಹೌದು ಎನ್ನುತ್ತಿದ್ದನೋ, ಇಲ್ಲ ಎನ್ನುತ್ತಿದ್ದನೋ? ನನಗೆ ತಿಳಿಯಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದವನ ತಲೆಯಲ್ಲಿ ಏನಿತ್ತೆಂದು ತಿಳಿಯದ ಹೆಂಗಸು ನಾನು. ಸಿಟ್ಟು ಬಂತು, ಆಮೇಲೆ ಅಳು ಬಂತು. ಅವನು ತನ್ನ ಮಾತನ್ನೆಲ್ಲ ಎಲ್ಲಿಗೆ ಒಯ್ದು ಸುರಿಯುತ್ತಿದ್ದನೋ ಆ ಜಾಗವನ್ನಾದರೂ ನೋಡಿಬಿಡೋಣ ಎಂದು ಭಾನುವಾರ ಕೋಟು ಹಾಕಿಕೊಂಡು ಹೊರಟೆ.

ಪೂರ್ವದ ಮೆಟ್ಟಿಲುಗಳ ಮೇಲೆ ಗಾಳಿ ಕಿವಿ ಕತ್ತರಿಸುತ್ತಿತ್ತು. ನಡುವೆ ಒಂದು ಕಬ್ಬಿಣದ ಅಡ್ಡಗಂಬಿಗೆ ಒರಗಿಕೊಂಡು ಇಬ್ಬರು ಮುದುಕರು ಮಾಂಸದ ಪೈ ತಿನ್ನುತ್ತಿದ್ದರು. ಅವರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು, ಅಲ್ಲಿ ಕಂಬಿಗೆ ಯಾರೋ ಕ್ಲಬ್ಬಿನ ಮಫ್ಲರ್ ಕಟ್ಟಿದ್ದರು. ಗಾಳಿಗೆ ಒಳ್ಳೇ ಮರೆ ಎಂದು ನಾನು ಹೋಗಿ ಅಲ್ಲೇ ನಿಂತೆ. ಇಬ್ಬರೂ ಅಗಿಯುವುದನ್ನು ನಿಲ್ಲಿಸಿದರು.

"ಅಮ್ಮಾ, ಅದು ನಮ್ ನೆವಿಲ್ ಜಾಗ," ಎಂದ ಬಲಗಡೆಯ ಉದ್ದನೆಯ ಮುದುಕ, ಮೆತ್ತಗೆ. "ತೀರ್ಕೊಂಡ. ಸೀಸನ್ ಮುಗಿಯೋವರ್ಗೂ ಅಲ್ಲಿ ಯಾರೂ ನಿಲ್ಲಲ್ಲ. ಬೇಜಾರ್ ಮಾಡ್ಕೋಬೇಡಿ, ಇಲ್ಲಿ ಹಂಗೇ ನಡ್ಕೊಂಡ್ ಬಂದಿರೋದು."

ನಾನು ಆ ಮಫ್ಲರನ್ನು ಮತ್ತೆ ನೋಡಿದೆ. "ನಾನು ಎನಿಡ್, ನೆವಿಲ್ ಹೆಂಡ್ತಿ," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹೆಂಡ್ತಿನಾ?" ಎಂದ ಎಡಗಡೆಯವನು. ಕುಳ್ಳ, ಕೆಂಪು ಮುಖ.

"ಉಂಗುರ ಇತ್ತಲ್ಲೋ ಕೈಯಲ್ಲಿ," ಎಂದ ಉದ್ದನೆಯವನು.

"ಇತ್ತು. ಆದ್ರೆ ಮೂವತ್ತೊಂದ್ ವರ್ಷ ನಮ್ ಪಕ್ಕ ನಿಂತೂ ಒಂದಿನಾನೂ ಹೆಂಡ್ತಿ ಹೆಸ್ರೆತ್ತಿದವನಲ್ಲ. ಬಿಟ್ಟು ಹೋಗಿರ್ಬೇಕು ಪಾಪ, ಕೇಳಿ ಯಾಕ್ ನೋಯಿಸ್ಬೇಕು ಅಂತ ನಾವು ಸುಮ್ನಿದ್ವಿ."

ಮೂವತ್ತೊಂದು ವರ್ಷ ಇವರ ಪಕ್ಕದಲ್ಲಿ ನಿಂತ ನನ್ನ ಗಂಡ ನಾನು ಬದುಕಿದ್ದೇನೆ ಎಂದೂ ಹೇಳಿರಲಿಲ್ಲ. ಮನೆಗೆ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಉದ್ದನೆಯವನು ಪಕ್ಕಕ್ಕೆ ಸರಿದು ತನ್ನ ಜಾಗ ಬಿಟ್ಟುಕೊಟ್ಟ. ಅವನ ಹೆಸರು ರಾಯ್‌ಸ್ಟನ್, ಮೊದಲು ಕಸಾಯಿ ಅಂಗಡಿ ಇಟ್ಟಿದ್ದವನು. ಕುಳ್ಳ ಕ್ಲೆಮ್, ಬಸ್ ಡ್ರೈವರ್ ಆಗಿದ್ದವನು. ನೆವಿಲ್ ಹೋದದ್ದು ಅವರಿಗೆ ಗೊತ್ತಾಗಿದ್ದೇ ಹದಿನೈದು ದಿನ ಕಳೆದ ಮೇಲೆ, ಕ್ಲಬ್ಬಿನ ಬೋರ್ಡು ನೋಡಿ.

"ಮಣ್ಣಿಗಾದ್ರೂ ಬರ್ತಿದ್ವಿ," ಎಂದ ಕ್ಲೆಮ್. "ಮನೆ ಎಲ್ಲಿ ಅಂತ ಗೊತ್ತಿದ್ರೆ ತಾನೇ?"

"ನಿಮ್ ಹೆಸರು ನನಗೆ ಗೊತ್ತಿದ್ರೆ ತಾನೇ?" ಎಂದೆ ನಾನೂ.

ಆಟ ಶುರುವಾಯಿತು. ನಮ್ಮವರು ಎರಡನೇ ದರ್ಜೆಯ ಲೀಗಿನಲ್ಲಿ ಮೇಲಿನಿಂದ ಏಳನೆಯವರು, ಆದರೆ ಇವರಿಬ್ಬರ ಜಗಳ ಪೂರ್ತಿ ಮೊದಲ ದರ್ಜೆಯ ಪಟ್ಟ ಯಾರಿಗೆ ಎಂಬುದರ ಮೇಲೆ.

"ವಿಗನ್ ಊರಿನೋರು ಕಣಯ್ಯಾ, ಬರ್ದಿಟ್ಕೋ," ಎಂದ ರಾಯ್‌ಸ್ಟನ್.

"ಬರ್ದಿಟ್ಕೊಂಡು ಏನ್ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಸೇಂಟ್ ಹೆಲೆನ್ಸ್ ಹುಡುಗರ ಕಾಲು ನೋಡಿದ್ಯಾ? ಜಿಂಕೆ ಥರ ಓಡ್ತಾವೆ."

"ಹೋದ್ ವರ್ಷಾನೂ ನಿನ್ ಜಿಂಕೆ ಸೆಪ್ಟೆಂಬರ್‌ಗೆ ಕುಂಟ್ಕೊಂಡ್ ಬಂತು. ಹಲ್ ಊರಿನೋರಾದ್ರೂ ಪರ್ವಾಗಿಲ್ಲ ಅನ್ನು, ಒಪ್ತೀನಿ."

"ನೀನು ಒಪ್ಪೋದಾ? ನಿನ್ನ ಹೆಣ ಒಪ್ಪಲ್ಲ."

ಹೀಗೇ ಹೋಯಿತು. ಇಬ್ಬರೂ ಮಾತಾಡಿ ಒಂದು ಕ್ಷಣ ತಡೆದು ನಡುವಿನ ಖಾಲಿ ಜಾಗದ ಕಡೆ ನೋಡುತ್ತಿದ್ದರು. ಮೂರನೆಯ ಮಾತು ಬರಬೇಕಾದ ಕಡೆ. ಬರುತ್ತಿರಲಿಲ್ಲ, ಮತ್ತೆ ತಾವೇ ಶುರು ಮಾಡುತ್ತಿದ್ದರು.

"ಅವನು ಇಲ್ಲಿ ಮಾತಾಡ್ತಿದ್ನಾ?" ಎಂದು ಕೇಳಿಯೇಬಿಟ್ಟೆ.

ಕ್ಲೆಮ್ ಪೈ ಗಂಟಲಿಗೆ ಸಿಕ್ಕಿ ಕೆಮ್ಮಿದ. "ನೆವಿಲ್ಲಾ? ಬಾಯಿ ಮುಚ್ಚಿದ್ರೆ ಕೇಳಿ! ರೆಫರಿಗೂ ಬಿಡ್ತಿರ್ಲಿಲ್ಲ."

ಇದ್ದ ಮಾತೆಲ್ಲ ಈ ಇಬ್ಬರು ಮುದುಕರಿಗೆ. ನನಗೆ ಹ್ಞೂಂ.

ಅರ್ಧ ಆಟ ಮುಗಿದಾಗ ಕ್ಲಬ್ಬಿನ ಜಾಕೆಟ್ ಹಾಕಿದ ಹೆಂಗಸೊಬ್ಬಳು ಡಬ್ಬ ಹಿಡಿದು ಕೆಳಗಿನ ಮೆಟ್ಟಿಲಿನಿಂದ ಹತ್ತತೊಡಗಿದಳು. ನಾನು ಚೀಟಿ ತೆಗೆದೆ. "ನೆವಿಲ್ ಏನ್ ಬರೀತಿದ್ದ? ಅಂಪಲ್ಬಿ ಬೇಕು ಅಂತಾನೋ, ಬೇಡ ಅಂತಾನೋ?"

"ಬೇಕು ಅಂತ," ಎಂದ ರಾಯ್‌ಸ್ಟನ್.

"ಬಿಡ್ತು ಅನ್ನು," ಎಂದ ಕ್ಲೆಮ್. "ಫೈನಲ್‌ನಲ್ಲಿ ಡೆರಿಕ್ ಸ್ಪಿಂಕ್‌ನ ಹೊರಗಿಟ್ಟ ಮನುಷ್ಯನ ಹೆಸ್ರು ನಾವು ನಿಲ್ಲೋ ಜಾಗಕ್ಕಾ? ನಾನು ಕೂತ್ಕೊಂಡೇ ಆಟ ನೋಡ್ತೀನಿ ಹಂಗಾದ್ರೆ."

ಆ ಕಥೆ ಈ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷದ ಹಿಂದೆ, ಆಟ ಇನ್ನೂ ಚಳಿಗಾಲದಲ್ಲಿ ನಡೆಯುತ್ತಿದ್ದಾಗ, ನಮ್ಮವರು ಒಂದೇ ಒಂದು ಸಲ ಕಪ್ಪಿನ ಫೈನಲ್ ತಲುಪಿದ್ದರು. ಡೆರಿಕ್ ಕ್ಯಾಪ್ಟನ್, ಹದಿಮೂರನೇ ನಂಬರು, ಊರಿನ ಕಣ್ಮಣಿ. ಅಂಪಲ್ಬಿ ಹಿಂದಿನ ದಿನ ಅವನನ್ನು ತೆಗೆದು ಹತ್ತೊಂಬತ್ತು ವರ್ಷದ ಹುಡುಗನನ್ನು ಆಡಿಸಿದರು. ಎರಡೇ ಅಂಕದಲ್ಲಿ ಸೋತೆವು. ಯಾಕೆ ತೆಗೆದಿರಿ ಎಂದು ಪತ್ರಿಕೆಯವರು ಕೇಳಿದರೆ, ಊರಿನವರು ಕೇಳಿದರೆ, ಸಾಯುವ ತನಕ ಅವರು ಬಾಯಿ ಬಿಡಲಿಲ್ಲ.

"ಡೆರಿಕ್ ಎಡ ಭುಜ ಹೋಗಿತ್ತು ಕಣಯ್ಯಾ," ಎಂದ ರಾಯ್‌ಸ್ಟನ್. "ಆ ಕಡೆಯಿಂದ ಟ್ಯಾಕಲ್ ಮಾಡಿ ಯಾರನ್ನೂ ಕೆಡವ್ತಾನೇ ಇರ್ಲಿಲ್ಲ. ಫೈನಲ್‌ಗೆ ಮೂರು ವಾರ ಮುಂಚೇನೇ ನೆವಿಲ್ ಇಲ್ಲೇ ನಿಂತು ಹೇಳಿರ್ಲಿಲ್ವಾ? ಹೊರಗಿಡ್ತಾರೆ ನೋಡ್ತಿರು ಅಂದ. ಹಂಗೇ ಆಯ್ತು. ಮುಂದಿನ್ ವರ್ಷ ಬೇರೆ ತಂಡಕ್ಕೆ ಹೋಗಿ ನಾಲ್ಕನೇ ಆಟಕ್ಕೇ ಭುಜ ಕಳಚ್ಕೊಂಡ."

"ನೆವಿಲ್‌ಗೆ ಹೇಳಿದ್ದು ಯಾರು? ಅದು ಹೇಳು ಮೊದ್ಲು."

"ಬಲ್ಲೋರು ಹೇಳಿದ್ರು."

"ಬಲ್ಲೋರಂತೆ, ಬಲ್ಲೋರು!" ಕ್ಲೆಮ್ ನನ್ನ ಕಡೆ ತಿರುಗಿದ. "ಅಮ್ಮಾ, ನಿಮ್ ಗಂಡ ಮೂವತ್ತೊಂದ್ ವರ್ಷ ನಮ್ ತಲೆ ತಿಂದ. ಯಾವ್ ಮಾತಾಡಿದ್ರೂ, 'ಇದು ನನ್ ಮಾತಲ್ಲ, ಬಲ್ಲೋರೊಬ್ರು ಹೇಳಿದ್ದು.' ಯಾರಪ್ಪಾ ಅಂದ್ರೆ, 'ಹೆಸ್ರು ಹೇಳಲ್ಲ ಅಂತ ಮಾತ್ ಕೊಟ್ಟಿದೀನಿ.' ಒಂದು ಪೈಂಟ್ ಬಿಯರ್ ಕುಡಿಸಿ ನೋಡಿದ್ವಿ, ಐದು ಕುಡಿಸಿ ನೋಡಿದ್ವಿ. ಉಹುಂ."

"ಮೈ ಉಜ್ಜೋ ಡಾಕ್ಟ್ರು ಇದ್ರಲ್ಲ, ಅವ್ರೇ ಅಂತ ನಂದು," ಎಂದ ರಾಯ್‌ಸ್ಟನ್. "ಆಟಗಾರರ ಮೈಕೈ ನೋಡ್ದೋರು ಮಾತ್ರ ಹಂಗೆ ಹೇಳೋಕ್ ಸಾಧ್ಯ. ಅರವತ್ತನೇ ನಿಮಿಷದ ಮೇಲೆ ಆ ದಪ್ಪ ಆಟಗಾರನ ಉಸಿರು ಕಟ್ಟತ್ತೆ ಅನ್ನೋನು ನೆವಿಲ್, ಕಟ್ತಿತ್ತು. ಹೆದರಿದ ಹುಡುಗ ಚೆಂಡನ್ನ ಬೇಗ ಒದ್ದುಬಿಡ್ತಾನೆ ಅನ್ನೋನು, ಒದೀತಿದ್ದ. ಆ ಬಲ್ಲೋರ ಬಾಯಿಂದ ಬಂದ್ರೆ ಅದು ಮುಗೀತು ಅನ್ನೋನು. ನಿಮ್ಗೇನಾದ್ರೂ ಗೊತ್ತಾ ಯಾರು ಅಂತ?"

ನನಗೆ ಗೊತ್ತಿತ್ತು.

ಆ ಕಾಲಕ್ಕೆ ನಾನು ಕಾಲುವೆ ದಂಡೆಯ ಲಾಂಡ್ರಿಯಲ್ಲಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಕ್ಲಬ್ಬಿನ ಜೆರ್ಸಿಗಳು ಮೂಟೆಯಲ್ಲಿ ಬರುತ್ತಿದ್ದವು, ಕೆಸರು ಹೆಪ್ಪುಗಟ್ಟಿ ಹಲಗೆಯಾಗಿರುತ್ತಿದ್ದವು. ಯಾವ ಜೆರ್ಸಿಯ ಎಲ್ಲಿ ಕೆಸರಿದೆ ಎಂದು ನೋಡಿದರೆ ಆ ಮನುಷ್ಯ ಏನು ಮಾಡಿದ, ಏನು ಮಾಡಲಿಲ್ಲ ಎಂದು ಹೇಳಬಹುದಿತ್ತು. ಆ ಚಳಿಗಾಲ ಆರು ವಾರ ಹದಿಮೂರನೇ ನಂಬರಿನ ಬಲ ಭುಜದಲ್ಲಿ ಉಜ್ಜಿದಷ್ಟೂ ಕೆಸರು, ಎಡ ಭುಜ ನಾನು ಇಸ್ತ್ರಿ ಮಾಡಿ ಕಳಿಸಿದ ಹಾಗೇ ವಾಪಸು. ಚಹಾ ಕುಡಿಯುವಾಗ ನೆವಿಲ್‌ಗೆ ಹೇಳಿದ್ದೆ. ಹೇಳಿದ ಮೇಲೆ ಭಯವೂ ಆಯಿತು. ಆಟಗಾರರ ಬಟ್ಟೆಯ ವಿಷಯ ಹೊರಗೆ ಹೋದರೆ ಆ ದಿನವೇ ಮನೆಗೆ ಕಳಿಸುತ್ತೇನೆ ಎಂದು ನಮ್ಮ ಮೇಲ್ವಿಚಾರಕಿ ಎಲ್ಲರಿಗೂ ಹೇಳಿದ್ದಳು. "ಆ ಮೆಟ್ಟಿಲ ಮೇಲಿನ ಗಂಡಸರ ಮುಂದೆ ನನ್ನ ಹೆಸರು ನಿನ್ನ ಬಾಯಲ್ಲಿ ಬಂದರೆ ನೋಡು ಮತ್ತೆ" ಎಂದು ಅವನ ಕೈ ಮೇಲೆ ಕೈ ಇಟ್ಟು ಮಾತು ತೆಗೆದುಕೊಂಡಿದ್ದೆ.

"ಹ್ಞೂಂ" ಎಂದಿದ್ದ.

ಲಾಂಡ್ರಿ ಮುಚ್ಚಿ ಇಪ್ಪತ್ತೆರಡು ವರ್ಷವಾಯಿತು. ಆ ಮಾತು ತೆಗೆದುಕೊಂಡದ್ದೇ ನನಗೆ ಮರೆತು ಹೋಗಿತ್ತು. ಅವನಿಗೆ ಮರೆತಿರಲಿಲ್ಲ. ದಪ್ಪನ ಉಸಿರಿನ ಮಾತು ನನ್ನದು, ಹೆದರಿದ ಹುಡುಗನ ಮಾತೂ ನನ್ನದೇ. ಗೋಡೆ ಎಂದುಕೊಂಡಿದ್ದವನು ಒಂದಕ್ಷರ ಬಿಡದೆ ಕೇಳಿಸಿಕೊಂಡು, ಮುಂದಿನ ಭಾನುವಾರ ಇಲ್ಲಿಗೆ ಹೊತ್ತು ತಂದು ಮೆರೆಸಿದ್ದ.

"ಆರು ವಾರ ಎಡ ಭುಜದಲ್ಲಿ ಕೆಸರೇ ಇರಲಿಲ್ಲ," ಎಂದೆ.

ಕ್ಲೆಮ್ ಹುಬ್ಬು ಗಂಟಿಕ್ಕಿದ. "ನಿಮ್ಗೆ ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಆ ಜೆರ್ಸಿ ನಾನೇ ಒಗೆದದ್ದು."

ರಾಯ್‌ಸ್ಟನ್ ಟೋಪಿ ತೆಗೆದ. ನೆತ್ತಿಯಲ್ಲಿ ಕೂದಲಿಲ್ಲದ ಅಷ್ಟು ದೊಡ್ಡ ಮನುಷ್ಯ ಆ ಗಾಳಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತುಕೊಂಡ.

"ಹಂಗಾದ್ರೆ ಮೂವತ್ತೊಂದ್ ವರ್ಷ ನಾನು ಸೋತಿದ್ದು ನಿಮ್ ಹತ್ರ," ಎಂದ ಕ್ಲೆಮ್. ಅವನ ದನಿಯಲ್ಲಿ ಚೇಷ್ಟೆ ಇತ್ತು, ಆದರೆ ಕಣ್ಣು ಒದ್ದೆ. ಆಮೇಲೆ ಮತ್ತೆ ಹಟಕ್ಕೆ ಬಿದ್ದ. "ಆಗ್ಲಿ, ಭುಜ ಹೋಗಿತ್ತು ಅಂತಾನೇ ಇಟ್ಕೊಳಿ. ಅಂಪಲ್ಬಿ ಒಂದ್ ಮಾತು ಬಾಯಿ ಬಿಟ್ ಹೇಳ್ಬೋದಿತ್ತಲ್ವಾ?"

"ಹೇಳಿದ್ರೆ ಡೆರಿಕ್‌ನ ಬೇರೆ ಯಾವ್ ತಂಡ ತಗೋತಿತ್ತು?" ಎಂದ ರಾಯ್‌ಸ್ಟನ್. "ಅವನ ಅನ್ನ ಉಳ್ಸೋಕೆ ತಾನು ಬೈಸ್ಕೊಂಡ."

"ಬೈಸ್ಕೊಳ್ಳಿ. ಡೆರಿಕ್‌ಗಾದ್ರೂ ಕಿವಿಯಲ್ಲಿ ಹೇಳ್ಬೇಕಿತ್ತು. ಆ ಮನುಷ್ಯ ಇವತ್ತಿಗೂ ತಾನೇನ್ ತಪ್ಪು ಮಾಡ್ದೆ ಅಂತ ಕೇಳ್ಕೊಂಡ್ ಓಡಾಡ್ತಾನೆ. ಹೇಳ್ಬೇಕಿತ್ತಮ್ಮ."

"ಹೇಳಬೇಕಿತ್ತು," ಎಂದೆ. ನಾನು ಅಂಪಲ್ಬಿಯ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಅವರು ತಿಳಿದುಕೊಂಡರು.

ಡಬ್ಬದ ಹೆಂಗಸು ನಮ್ಮ ಕಂಬಿಯ ಹತ್ತಿರ ಬಂದಳು. ನಾನು ರಾಯ್‌ಸ್ಟನ್‌ನ ಪೆನ್ನು ಕೇಳಿ ತೆಗೆದುಕೊಂಡು 'ಹೌದು' ಎಂದು ಗುರುತು ಹಾಕಿದೆ. ನೆವಿಲ್ ಇದ್ದಿದ್ದರೂ ಮನೆಯಲ್ಲಿ ನನ್ನ ಮಾತು ಕೇಳಿಸಿಕೊಂಡೇ ಬರೆಯುತ್ತಿದ್ದ ಎಂಬುದು ಈಗ ಗೊತ್ತಾಗಿತ್ತು. ಕ್ಲೆಮ್ ಬಗ್ಗಿ ನೋಡಿ ಹಲ್ಲು ಕಡಿದ, ತನ್ನ ಚೀಟಿಯಲ್ಲಿ 'ಇಲ್ಲ' ಎಂದು ಎರಡು ಸಲ ಗೀಚಿದ.

ಎರಡನೆಯ ಅರ್ಧದಲ್ಲಿ ನಮ್ಮವರು ಸೋತರು. ಹೊರಡುವಾಗ ರಾಯ್‌ಸ್ಟನ್ ಕೇಳಿದ, "ಪಟ್ಟ ಯಾರ್ದು ಅಂತ ಹೇಳ್ಲೇ ಇಲ್ವಲ್ಲ, ಬಲ್ಲೋರು?"

"ಆಟ ನೋಡದೆ ಹೇಳಲ್ಲ," ಎಂದೆ.

"ಮುಂದಿನ್ ಭಾನುವಾರ ಬನ್ನಿ. ಅವನ ಜಾಗ ಸೆಪ್ಟೆಂಬರ್‌ವರ್ಗೂ ಅವನ್ದೇ. ನೀವು ನನ್ ಪಕ್ಕ ನಿಂತ್ಕೊಳಿ."

ಬರುತ್ತೇನೆ ಎಂದೆ. ಬಸ್ಸಿನಲ್ಲಿ ಒಬ್ಬಳೇ ಕೂತು ಬರುವಾಗ ನಗು ಬಂತು. ಐದು ಪೈಂಟ್ ಕುಡಿಸಿದರೂ ಹೇಳದ ಪುಣ್ಯಾತ್ಮ. ಅವರಿಗೆ ಹೇಳಬೇಡ ಎಂದಿದ್ದೆ, ಸರಿ. ನನಗೆ ಹೇಳಬೇಡ ಎಂದಿದ್ದೆನೇ? 'ಎನಿಡ್, ನಿನ್ನ ಮಾತು ಅಲ್ಲಿ ಇವತ್ತು ಗೆದ್ದಿತು' ಎಂದು ಒಂದೇ ಒಂದು ಭಾನುವಾರ ಚಹಾದ ಮುಂದೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದು ಚಹಾಕ್ಕೆ ನೀರಿಟ್ಟೆ. ಕೈ ತಾನೇ ಎರಡು ಕಪ್ಪು ಇಳಿಸಿತು. ಇರಲಿ ಎಂದು ಎರಡಕ್ಕೂ ಹಾಲು ಹಾಕಿದೆ. ಅವನ ಕುರ್ಚಿಯ ಎದುರು ಕೂತು, ನಮ್ಮ ಹೊಸ ಹದಿಮೂರನೆಯವನು ಬಲಗಾಲಿನ ಮೇಲೆ ಭಾರ ಹಾಕುತ್ತಿಲ್ಲ, ಮೇ ತಿಂಗಳ ಹೊತ್ತಿಗೆ ಅವನು ಹೊರಗೆ ಎಂದು ಗಟ್ಟಿಯಾಗಿ ಹೇಳಿದೆ. ಹೇಳಿ ಕಾದೆ.

ಗೋಡೆ ಗೋಡೆಯ ಹಾಗೆಯೇ ಇತ್ತು. ಅವನು ಇದ್ದಾಗ ಇದಕ್ಕಿಂತ ಹೆಚ್ಚೇನೂ ಕೇಳಿಸುತ್ತಿರಲಿಲ್ಲ, ಒಂದು ಹ್ಞೂಂ ಬಿಟ್ಟರೆ. ಆ ಹ್ಞೂಂ ಇಷ್ಟು ದೊಡ್ಡದಾಗಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅವನ ಕಪ್ಪಿನ ಚಹಾ ಆರುವ ತನಕ ಕೂತಿದ್ದು, ಎರಡೂ ಕಪ್ಪು ತೊಳೆದಿಟ್ಟೆ.