ಹಾಲುಬಣ್ಣದ ಹನಿ

ಮುಳಬಾಗಿಲಿನ ತಾಲ್ಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್ ಅಂಗಡಿಯಿದೆ. ಗಂಗಾಲಕ್ಷ್ಮಿ ಅಲ್ಲಿ ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತಿದ್ದಾಳೆ. ಕ್ರಯಪತ್ರವೋ ಪಾಲುಪತ್ರವೋ, ಎಂಥ ಕೆಟ್ಟ ಕೈಬರಹವಿದ್ದರೂ ಅವಳ ಬೆರಳು ತಡವರಿಸಿದ್ದನ್ನು ನಾನು ಕಂಡಿಲ್ಲ.

ಕಂಪ್ಯೂಟರ್ ತಂದ ವರ್ಷ ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು ಹೂವು ಮುಡಿಸಿದ್ದೆ. ಅನ್ನ ಕೊಡುವ ಲಕ್ಷ್ಮಿ ನಮ್ಮ ಮುಖಕ್ಕಿಂತ ಕೆಳಗಿರಬಾರದೆಂದು ನನ್ನ ಹಳೆಯ ಟೈಪ್‌ರೈಟರಿನ ಮರದ ಪೆಟ್ಟಿಗೆಯ ಮೇಲೆ ಪರದೆಯನ್ನು ಕೂರಿಸಿದೆ. ಪೂರ್ವಕ್ಕೆ ಮುಖ ಮಾಡಿ ಕೂತರೆ ಒಳ್ಳೆಯದೆಂದು ಮೇಜನ್ನೂ ಹಾಗೆಯೇ ಹಾಕಿಸಿದೆ. ಅವಳ ಬೆನ್ನ ಹಿಂದಿನ ಕಿಟಕಿಯ ಬಿಸಿಲು ಮಧ್ಯಾಹ್ನವೆಲ್ಲ ಗಾಜಿನ ಮೇಲೆ ಹೊಳೆಯುತ್ತಿತ್ತು. ಅವಳು ಕತ್ತೆತ್ತಿ, ಕಣ್ಣರಳಿಸಿ, ರೆಪ್ಪೆ ಬಡಿಯುವುದನ್ನೂ ಮರೆತು ದುಡಿಯುತ್ತಿದ್ದಳು.

ಸಂಜೆಯಾದರೆ ಅವಳ ಕಣ್ಣು ಕೆಂಡದಂತಾಗುತ್ತಿತ್ತು. "ಮರಳು ಹಾಕ್ದಂಗೆ ಚುಚ್ತದೆ ಅಕ್ಕಾ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಆಗ ಕೊಟ್ಟ ಹನಿ ಔಷಧಿ ಅರ್ಧ ಬಾಟಲಿ ಉಳಿದಿತ್ತು. ಹಾಲಿನ ಬಣ್ಣದ್ದು. ನನ್ನ ಕಣ್ಣಿನ ಕೆಂಪನ್ನು ಎರಡೇ ದಿನದಲ್ಲಿ ಇಳಿಸಿತ್ತು.

"ಬಾರೇ ಇಲ್ಲಿ, ತಲೆ ಎತ್ತು" ಎಂದು ನಾನೇ ಎರಡು ಹನಿ ಬಿಟ್ಟೆ.

ಮರುದಿನ ಅವಳು ನಗುತ್ತಾ ಬಂದಳು. "ಅಕ್ಕಾ, ನೀವು ಡಾಕ್ಟ್ರೇ ಆಗ್ಬೇಕಿತ್ತು. ಇಲ್ಲಿ ಕೂತು ಹಾಳಾದ್ರಿ."

ಬಾಟಲಿ ಮುಗಿದಾಗ ಖಾಲಿ ಬಾಟಲಿಯನ್ನೇ ಅವಳ ಕೈಗೆ ಕೊಟ್ಟು ಮೆಡಿಕಲ್ ಸ್ಟೋರಿಗೆ ಕಳಿಸಿದೆ. ಅವರು ಚೀಟಿ ಕೇಳಲಿಲ್ಲ, ಅಂಥದ್ದೇ ಇನ್ನೊಂದು ಕೊಟ್ಟರು. ಆಮೇಲೆ ಅದು ರೂಢಿಯಾಗಿ ವರ್ಷ ದಾಟಿತು. ಬೆಳಿಗ್ಗೆ ಕಾಫಿ ಕುಡಿದಷ್ಟೇ ಸಹಜವಾಗಿ ಅವಳು ಹನಿ ಬಿಟ್ಟುಕೊಳ್ಳುತ್ತಿದ್ದಳು. ಕೆಂಪು ಮತ್ತೆ ಕಾಣಲಿಲ್ಲ. ಚೆನ್ನಾಗಾಗಿದ್ದಾಳೆ ಅಂದುಕೊಂಡೆ.

ಹೋದ ಮಾಘದಲ್ಲಿ ಬೈರಕೂರಿನ ಸುಬ್ಬರಾಯಪ್ಪ ಪಾಲುಪತ್ರ ಬರೆಸಲು ಬಂದ. ಅವಳ ಎಡಕ್ಕೆ ನಿಂತು ಹಾಳೆ ಚಾಚಿದ. ಅವಳು ತಿರುಗಲೇ ಇಲ್ಲ.

"ಏಮ್ಮಾ ಗಂಗಾ, ತಹಶೀಲ್ದಾರ್ ಆಗ್ಬಿಟ್ಟಿಯೇನು? ಆಗ್ಲಿಂದ ಕೈ ಚಾಚ್ಕೊಂಡು ನಿಂತಿದ್ದೀನಿ!"

ಅವಳು ಬೆಚ್ಚಿ ತಿರುಗಿದಳು. ಮೊಣಕೈ ತಾಗಿ ಟೀ ಲೋಟ ಕೆಳಗೆ ಬಿತ್ತು. ಸುಬ್ಬರಾಯಪ್ಪ ನಕ್ಕ. ನಾನು ನಗಲಿಲ್ಲ. ಲೋಟ ಅವಳ ಪಕ್ಕದಲ್ಲೇ ಇತ್ತು, ಅವಳಿಗೆ ಕಂಡಿರಲಿಲ್ಲ.

ಮರುದಿನ ಅವಳನ್ನು ಕೋಲಾರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಹೆಂಗಸು, ನನ್ನ ಮಗಳ ವಯಸ್ಸಿನವರು. ಯಂತ್ರದಲ್ಲಿ ಮೂರು ಸಲ ನೋಡಿ, ನಾವು ಒಯ್ದಿದ್ದ ಹನಿಯ ಬಾಟಲಿಯನ್ನು ಕೈಯಲ್ಲಿ ತಿರುಗಿಸಿದರು.

"ಇದನ್ನ ಆಪರೇಷನ್ ಆದವ್ರಿಗೆ ಕೆಲವು ವಾರ ಮಾತ್ರ ಕೊಡೋದು. ವರ್ಷಗಟ್ಲೆ ಹಾಕಿದ್ರೆ ಕಣ್ಣಿನ ಒತ್ತಡ ಏರುತ್ತೆ, ಒಳಗಿನ ನರ ಸಾಯುತ್ತೆ. ಇವರಿಗೆ ಅಕ್ಕಪಕ್ಕದ ನೋಟ ಹೋಗಿದೆ, ಎಡಗಡೆ ಜಾಸ್ತಿ. ಹೋಗಿದ್ದು ಬರಲ್ಲ. ಉಳಿದಿದ್ದನ್ನ ಕಾಪಾಡ್ಕೋಬೇಕು."

"ಮತ್ತೆ ಆ ಕೆಂಪು?" ನಾನು ಕೇಳಿದೆ.

"ಕಣ್ಣು ಒಣಗಿತ್ತು, ಅಷ್ಟೇ. ಪರದೆ ಕಣ್ಣಿಗಿಂತ ಸ್ವಲ್ಪ ಕೆಳಗಿರ್ಬೇಕು, ಬೆಳಕು ಅದರ ಮೇಲೆ ಬೀಳ್ಬಾರ್ದು. ಆಗಾಗ ದೂರ ನೋಡಿ ರೆಪ್ಪೆ ಬಡಿದಿದ್ರೆ ಸಾಕಿತ್ತು. ಇದನ್ನ ನಿಮಗೆ ಯಾರಮ್ಮಾ ಕೊಟ್ಟಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗಾ ಹೇಳಿದಳು, "ನಾನೇ ಅಂಗಡೀಲಿ ಕೇಳಿ ತಗೊಂಡೆ ಮೇಡಂ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ವಾಪಸ್ ಬರುವ ಬಸ್ಸಿನಲ್ಲಿ ನರಸಾಪುರದ ಕಡೆಯವರೊಬ್ಬರು ಟೊಮ್ಯಾಟೊ ರೇಟಿನ ಬಗ್ಗೆ ಕೂಗಾಡುತ್ತಿದ್ದರು. ಆ ಗಲಾಟೆಯ ಮರೆಯಲ್ಲಿ ಕೇಳಿದೆ, "ಯಾಕೇ ಸುಳ್ಳು ಹೇಳ್ದೆ?"

"ಮೇಡಂ ನಿಮ್ಮನ್ನ ಬೈತಿದ್ರು. ಬೈದ್ರೆ ನನ್ನ ಕಣ್ಣು ಬರ್ತದಾ ಅಕ್ಕಾ?"

ಅವಳು ಬೈದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಮರುದಿನ ಬೇಗ ಹೋಗಿ ಅಂಗಡಿ ತೆರೆದೆ. ಟೈಪ್‌ರೈಟರಿನ ಪೆಟ್ಟಿಗೆ ತೆಗೆದು ಪರದೆಯನ್ನು ಕೆಳಗಿಳಿಸಿದೆ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿದೆ, ಕಿಟಕಿಗೆ ಅಡ್ಡವಾಗಿ ಹಳೆಯ ಸೀರೆಯೊಂದನ್ನು ಕಟ್ಟಿದೆ. ಎಲ್ಲ ಸೇರಿ ಕಾಲು ಗಂಟೆಯೂ ಹಿಡಿಯಲಿಲ್ಲ.

ಗಂಗಾ ಬಂದು ಕೂತಳು. ಒಂದು ಪುಟ ಟೈಪ್ ಮಾಡಿದಳು. ಕತ್ತು ಆಡಿಸಿ ನೋಡಿದಳು, ನಿಧಾನವಾಗಿ ರೆಪ್ಪೆ ಬಡಿದಳು.

"ಹಾಯಾಗಿದೆ ಅಕ್ಕಾ" ಎಂದಳು. ಆಮೇಲೆ ತಡೆದು ಕೇಳಿದಳು, "ಇಷ್ಟೇನಾ?"

"ಇಷ್ಟೇ ಕಣೇ" ಎಂದೆ.

ಅವಳು ಮುಂದಿನ ಹಾಳೆ ಎತ್ತಿಕೊಂಡಳು. ಬೆರಳುಗಳು ಮತ್ತೆ ಓಡಿದವು. ಅಷ್ಟರಲ್ಲಿ ಯಾರೋ ಅರ್ಜಿ ಹಿಡಿದು ಅವಳ ಎಡಕ್ಕೆ ಬಂದು ನಿಂತರು. ನಾನು ಎದ್ದು ಹೋಗಿ ಅವರ ತೋಳು ಹಿಡಿದು ಎದುರಿಗೆ ತಂದು ನಿಲ್ಲಿಸಿದೆ. ಈಗ ಅಂಗಡಿಯಲ್ಲಿ ನನ್ನ ಕೆಲಸ ಅದೇ.